ಹಳೆಯ ಜೆಎಪಿ ಸ್ಪೀಡ್‌ವೇ ಬೈಕಿಗೆ ಹರಳೆಣ್ಣೆ ಬದಲು ಸಾಮಾನ್ಯ ಎಂಜಿನ್ ಆಯಿಲ್ ಹಾಕಬಹುದೇ?

ಹಾಕಬೇಡಿ. ನಾನು ಹಾಕಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಭಾಗ) ಕಳೆದುಕೊಂಡಿದ್ದೇನೆ. ಗೊತ್ತಿಲ್ಲದವರಿಗೆ: ಸ್ಪೀಡ್‌ವೇ ಅಂದರೆ ಅಂಡಾಕಾರದ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು, ಜೆಎಪಿ ಅದಕ್ಕೆ ಎಂಜಿನ್ ಮಾಡುತ್ತಿದ್ದ ಬ್ರಿಟಿಷ್ ಕಂಪನಿ.

ಇಂಗ್ಲೆಂಡಿನಲ್ಲಿ ಹರಾಜಿನಲ್ಲಿ ಕೊಂಡ 1950ರ ದಶಕದ ಬೈಕು, ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತದ್ದು, ಹರಳೆಣ್ಣೆ ಮತ್ತು ಮೆಥನಾಲ್ (ಇಂಧನವಾಗಿ ಬಳಸುವ ಆಲ್ಕೋಹಾಲ್) ರಗಳೆ ಬಿಟ್ಟು ಮಿನರಲ್ ಆಯಿಲ್, ಅಂದರೆ ಸಾಮಾನ್ಯ ಎಂಜಿನ್ ಆಯಿಲ್, ಮತ್ತು ಪೆಟ್ರೋಲ್ ಹಾಕಿ ಓಡಿಸಲೇ, ಇಲ್ಲಾ ಪೇಂಟ್ ಮಾಡಿಸಿ ಹಜಾರದಲ್ಲಿ ನಿಲ್ಲಿಸಲೇ ಅಂತ ಕೇಳಿದ್ದೀರಿ. ಹನ್ನೆರಡು ವರ್ಷದ ಹಿಂದೆ ನನ್ನ ಮುಂದೆ ಇದ್ದದ್ದೂ ಇಂಥದೇ ಬೈಕು, ಇದೇ ಪ್ರಶ್ನೆ.

ನನ್ನದೂ 80 ಮಿ.ಮೀ. ಬೋರ್, 99 ಮಿ.ಮೀ. ಸ್ಟ್ರೋಕ್‌ನ ಒಂಟಿ ಸಿಲಿಂಡರ್, 497 ಸಿಸಿ. ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದರೆ ತಳದಲ್ಲಿ ಜೇನಿನ ಬಣ್ಣದ ಒಂದು ಪದರ. ನಮ್ಮ ಮನೆಗಳಲ್ಲಿ ಹರಳೆಣ್ಣೆ ಬಾಟಲಿಯ ಬಾಯಿ ಸುತ್ತ ಒಂದು ಉಂಗುರ ಗಟ್ಟಿಯಾಗಿರುತ್ತದಲ್ಲ, ಬಟ್ಟೆಗೆ ಬರುವುದಿಲ್ಲ, ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ ಸುರುಳಿ ಏಳುತ್ತದೆ, ಅದೇ. ಅರ್ಧ ಲೀಟರ್ ಸೀಮೆಎಣ್ಣೆ ಸುರಿದು ಕುಲುಕಿದೆ, ಚೆಲ್ಲಿದೆ, ಮತ್ತೆ ಸುರಿದೆ. ಮೂರನೇ ಸಲ ಸೀಮೆಎಣ್ಣೆ ಹಾಕಿದಷ್ಟೇ ತಿಳಿಯಾಗಿ ಹೊರಬಂತು. ಟ್ಯಾಂಕ್ ಶುದ್ಧವಾಯಿತು ಅಂದುಕೊಂಡೆ. ಕೆಟ್ಟದ್ದು ಅಲ್ಲೇ.

ಸೀಮೆಎಣ್ಣೆ ತಿಳಿಯಾಗಿ ಬಂದದ್ದು ಹರಳೆಣ್ಣೆ ಹೋಗಿದ್ದರಿಂದಲ್ಲ, ಸೀಮೆಎಣ್ಣೆ ಅದನ್ನು ಮುಟ್ಟಲೇ ಇಲ್ಲದ್ದರಿಂದ. ಹರಳೆಣ್ಣೆ ಆಲ್ಕೋಹಾಲಿನಲ್ಲಿ ಕರಗುತ್ತದೆ. ಸೀಮೆಎಣ್ಣೆಯಲ್ಲಿ, ಮಿನರಲ್ ಆಯಿಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ. ಬೆರೆಸಲು ಹೋದರೆ ಬೂದು ಬಣ್ಣದ, ನೂಲಿನಂತೆ ಎಳೆಯುವ ಗಂಜಿಯಾಗುತ್ತದೆ. ಇನ್ನು ವರ್ಷಾನುಗಟ್ಟಲೆ ಗಾಳಿಗೆ, ಕಾವಿಗೆ ಸಿಕ್ಕ ಹರಳೆಣ್ಣೆ ಎಣ್ಣೆಯಾಗಿಯೂ ಉಳಿಯುವುದಿಲ್ಲ, ವಾರ್ನಿಷ್ ಆಗುತ್ತದೆ. ಟ್ಯಾಂಕಿನ ತಳದಲ್ಲಿ ಕಂಡದ್ದು ನನ್ನ ಕಣ್ಣಿಗೆ ಬಿದ್ದ ಭಾಗ ಮಾತ್ರ. ಎಣ್ಣೆ ಒಯ್ಯುವ ಫೀಡ್ ಪೈಪಿನೊಳಗೆ, ಪಿಲ್‌ಗ್ರಿಮ್ ಆಯಿಲ್ ಪಂಪಿನೊಳಗೆ, ಶಾಫ್ಟಿನಿಂದ ಕ್ರ್ಯಾಂಕ್‌ಪಿನ್ನಿಗೆ ಹೋಗುವ ಸಣ್ಣ ರಂಧ್ರದೊಳಗೆ ಅದೇ ಪದರ ಕೂತಿತ್ತು. ಅದರ ಮೇಲೆ ನಾನು ಎಸ್‌ಎಇ 50 ಮಿನರಲ್ ಆಯಿಲ್ ತುಂಬಿದೆ.

ಆಮೇಲೂ ಕ್ರ್ಯಾಂಕ್ ಉಳಿಸಿಕೊಳ್ಳುವ ದಾರಿ ಇತ್ತು. ಈ ಎಂಜಿನ್‌ನದು ಎಣ್ಣೆ ಟ್ಯಾಂಕಿಗೆ ಹಿಂತಿರುಗದ ವ್ಯವಸ್ಥೆ. ಪಂಪು ತಳ್ಳಿದ ಎಣ್ಣೆ, ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಪಿನ್ನಿಗೆ ಕೂಡುವ ಬೇರಿಂಗಾದ ಬಿಗ್‌ಎಂಡ್ ನೆನೆಸಿ, ಎರಚಿ, ಬ್ರೀದರ್ (ಎಂಜಿನ್ನಿನ ಗಾಳಿ ಹೊರಹೋಗುವ ಕೊಳವೆ) ಮೂಲಕ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ಬ್ರೀದರ್ ಬಾಯಿ ಒದ್ದೆಯಾಗಿದ್ದರೆ ಎಣ್ಣೆ ಹರಿಯುತ್ತಿದೆ ಅಂತ ಲೆಕ್ಕ ಹಾಕಿದೆ. ಒದ್ದೆಯಾಗಿಯೇ ಇತ್ತು, ಹೊಗೆಯೂ ಬರುತ್ತಿತ್ತು. ಆದರೆ ಜೋಡಿಸುವಾಗ ನಾನೇ ಕ್ರ್ಯಾಂಕ್‌ಕೇಸಿಗೆ ನೂರು ಮಿಲಿ ಎಣ್ಣೆ ಸುರಿದಿದ್ದೆ. ಬ್ರೀದರಿನಿಂದ ಬರುತ್ತಿದ್ದದ್ದು ಆ ಎಣ್ಣೆ. ಪಂಪಿನಿಂದ ಬಿಗ್‌ಎಂಡಿಗೆ ಒಂದು ಹನಿಯೂ ಹೋಗಿರಲಿಲ್ಲ. ಫೀಡ್ ಪೈಪಿನ ನಟ್ಟು ಸಡಿಲಿಸಿ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಿಂದಿನ ಚಕ್ರ ತಿರುಗಿಸುವ ಸ್ಟಾರ್ಟರ್ ರೋಲರ್ ಮೇಲೆ ಮೂರು ಸಲ ಸ್ಟಾರ್ಟ್ ಮಾಡಿದೆ, ಎಲ್ಲ ಸೇರಿ ನಾಲ್ಕು ನಿಮಿಷ ಓಡಿರಬಹುದು. ಮೂರನೆಯ ಸಲ ಕೆಳಗಿನಿಂದ ಟಕಟಕ ಶುರುವಾಯಿತು. ಬಿಚ್ಚಿದಾಗ ಕ್ರ್ಯಾಂಕ್‌ಪಿನ್ ನೇರಳೆ ಬಣ್ಣಕ್ಕೆ ತಿರುಗಿತ್ತು, ಬೇರಿಂಗಿನ ರೋಲರ್‌ಗಳ ಮೈ ಕಿತ್ತುಹೋಗಿತ್ತು. ಎಣ್ಣೆಯ ರಂಧ್ರಕ್ಕೆ ತಂತಿ ತೂರಿಸಿ ಒತ್ತಿದರೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥ ಕಂದು ಹರಳೊಂದು ಹೊರಬಿತ್ತು. ಅದರ ಹಿಂದೆಯೇ ಬೂದು ಗಂಜಿ. ಹೊಸ ಪಿನ್, ಹೊಸ ರೋಲರ್, ಕೇಜ್, ಕನೆಕ್ಟಿಂಗ್ ರಾಡಿನ ಕೆಳಕಣ್ಣಿಗೆ ಹೊಸ ರೇಸ್, ಎರಡು ಫ್ಲೈವೀಲ್ ಮತ್ತೆ ಕೂಡಿಸಿ ಸೆಂಟರ್‌ಗಳ ನಡುವೆ ಓರೆ 0.05 ಮಿ.ಮೀ. ಒಳಗೆ ಬರುವವರೆಗೆ ತಟ್ಟಿ ಸರಿಮಾಡುವುದು: ಒಂಬತ್ತು ತಿಂಗಳು ಹಿಡಿಯಿತು.

ಆದ್ದರಿಂದ ಯಾವ ಆಯಿಲ್ ಅನ್ನುವುದು ಎರಡನೆಯ ಪ್ರಶ್ನೆ. ಈಗ ಒಳಗೆ ಏನಿದೆ ಅನ್ನುವುದು ಮೊದಲನೆಯದು. ಎಂಜಿನ್ ಪೂರ್ತಿ ಬಿಚ್ಚಲೇಬೇಕು. ಹಸಿಯಾಗಿರುವ ಹರಳೆಣ್ಣೆ ಮೆಥಿಲೇಟೆಡ್ ಸ್ಪಿರಿಟ್ಟಿಗೆ, ಅಸಿಟೋನಿಗೆ ಹೋಗುತ್ತದೆ. ಸುಟ್ಟು ಗಟ್ಟಿಯಾದದ್ದಕ್ಕೆ ಮಾಡೆಲ್ ವಿಮಾನದವರ ಉಪಾಯವೇ ಒಳ್ಳೆಯದು. ಹಳೆಯ ಎಲೆಕ್ಟ್ರಿಕ್ ಸ್ಲೋ ಕುಕ್ಕರಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುವ ಕಾರಿನ ಆಂಟಿಫ್ರೀಜ್ ತುಂಬಿ, ಭಾಗಗಳನ್ನು ಮುಳುಗಿಸಿ, ಕುದಿಯಲು ಬಿಡದೆ ಸಣ್ಣ ಕಾವಿನಲ್ಲಿ ಏಳೆಂಟು ಗಂಟೆ ಇಡಿ. ತೆಗೆದು ನೈಲಾನ್ ಬ್ರಷ್ಷಿನಲ್ಲಿ ಉಜ್ಜಿದರೆ ಪದರ ಸಿಪ್ಪೆಯ ಹಾಗೆ ಬಿಡುತ್ತದೆ. ಬಿಸಿನೀರಿನಲ್ಲಿ ತೊಳೆದು ಆಗಲೇ ಒಣಗಿಸಿ, ಉಕ್ಕಿನ ಭಾಗಕ್ಕೆ ಎಣ್ಣೆ ಸವರಿ. ಬಯಲಿನಲ್ಲಿ ಮಾಡಿ, ಆಂಟಿಫ್ರೀಜ್ ವಿಷ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರಕೂಡದು. ಓವನ್ ಕ್ಲೀನರ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರಲ್ಲಿರುವ ಕಾಸ್ಟಿಕ್ ಅಲ್ಯುಮಿನಿಯಂ ಕ್ರ್ಯಾಂಕ್‌ಕೇಸನ್ನೇ ತಿನ್ನುತ್ತದೆ.

ಕ್ರ್ಯಾಂಕ್ ಬಿಡಿಯಾಗಿರುವಾಗಲೇ ಒಂದು ಸಿರಿಂಜಿನಲ್ಲಿ ಸ್ಪಿರಿಟ್ ತುಂಬಿ ಟೈಮಿಂಗ್ ಗೇರ್ ಇರುವ ಕಡೆಯ ಶಾಫ್ಟಿನ ರಂಧ್ರಕ್ಕೆ ಒತ್ತಿ. ಬಿಗ್‌ಎಂಡಿನ ರೋಲರ್‌ಗಳ ನಡುವಿನಿಂದ ಅದು ಧಾರಾಳವಾಗಿ ಬರಬೇಕು. ಜಿನುಗಿದರೆ ಸಾಲದು. ಹೊಸ ಬೇರಿಂಗ್‌ಗಳಿಗೆ ಸವರಿರುವ ತುಕ್ಕುನಿರೋಧಕ ಕೂಡ ಮಿನರಲ್ ಆಯಿಲ್ಲೇ, ಅಸಿಟೋನಿನಲ್ಲಿ ತೊಳೆದು ಹರಳೆಣ್ಣೆಯಲ್ಲಿ ಅದ್ದಿ ಕೂರಿಸಿ. ಎಂಜಿನ್ ಜೋಡಿಸಿದ ಮೇಲೆ ಫೀಡ್ ಪೈಪನ್ನು ಎಂಜಿನ್ ತುದಿಯಲ್ಲಿ ಬಿಚ್ಚಿಟ್ಟು, ಪ್ಲಗ್ ತೆಗೆದು, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಹೋಗಿ. ಗಾಳಿಗುಳ್ಳೆ ಇಲ್ಲದ ಎಣ್ಣೆ ಬರುವವರೆಗೆ ಪೈಪು ಕೂಡಿಸಬೇಡಿ.

ಎಣ್ಣೆ ರೇಸಿಂಗ್ ಹರಳೆಣ್ಣೆಯೇ ಆಗಬೇಕು, ಕ್ಯಾಸ್ಟ್ರಾಲ್ ಆರ್40 ಥರದ್ದು. ಔಷಧಿ ಅಂಗಡಿಯದ್ದು ಬೇಡ, ರೇಸಿಂಗ್ ಎಣ್ಣೆಯಲ್ಲಿ ಅಂಟು ತೆಗೆದು ಬೇಗ ಗಟ್ಟಿಯಾಗದಂತೆ ಮದ್ದು ಸೇರಿಸಿರುತ್ತಾರೆ. ಹಠ ಹಿಡಿದು ಹೇಳುವುದಕ್ಕೆ ಕಾರಣ ಇದೆ. ರಿಂಗ್ ದಾಟಿ ಕೆಳಗೆ ಇಳಿಯುವ ಮೆಥನಾಲ್ ಹರಳೆಣ್ಣೆಯಲ್ಲಿ ಬೆರೆಯುತ್ತದೆ. ಮಿನರಲ್ ಆಯಿಲಿಗೆ ಅದೇ ಮೆಥನಾಲ್, ಅದು ಹೀರಿದ ನೀರಿನ ಜೊತೆ ಸೇರಿದರೆ ಮಜ್ಜಿಗೆಯಂಥ ಬಿಳಿ ನೊರೆಯಾಗುತ್ತದೆ.

ಇನ್ನೊಂದು ಕಾರಣ ವಾಸನೆ. ಸ್ಪೀಡ್‌ವೇ ನೋಡಿ ಬೆಳೆದ ಹಿರಿಯರು ಯಾರನ್ನಾದರೂ ಕೇಳಿ, ಯಾರು ಗೆದ್ದರು ಅನ್ನುವುದಕ್ಕಿಂತ ಮೊದಲು ಸುಟ್ಟ ಹರಳೆಣ್ಣೆಯ ಮಾತು ಬರುತ್ತದೆ. ಆಮೇಲೆ ತಿರುವಿನಲ್ಲಿ ಮುಖಕ್ಕೆ ಬಡಿಯುತ್ತಿದ್ದ ಕೆಂಪು ಮಣ್ಣು, ರೇಸು ಶುರುವಾಗಲು ಅಡ್ಡ ಕಟ್ಟಿದ ಟೇಪು ಮೇಲೇಳುವ ಆ ಕ್ಷಣ. ಲಂಡನ್ನಿನ ಕಸ್ಟಮ್ ಹೌಸ್‌ನಲ್ಲಿದ್ದ ವೆಸ್ಟ್ ಹ್ಯಾಮ್ ಟ್ರ್ಯಾಕ್ 1972ರಲ್ಲಿ ಹೋಯಿತು, ಮ್ಯಾಂಚೆಸ್ಟರಿನ ಹೈಡ್ ರೋಡ್ 1987ರಲ್ಲಿ. 1936ರಲ್ಲಿ ಲಯೊನೆಲ್ ವಾನ್ ಪ್ರಾಗ್ ಮೊದಲ ವಿಶ್ವ ಚಾಂಪಿಯನ್ ಆದ ಹಳೆಯ ವೆಂಬ್ಲಿ ಕ್ರೀಡಾಂಗಣವೂ ಇಲ್ಲ. ನಿಮ್ಮ ಬೈಕು ಪ್ರದರ್ಶನದಲ್ಲಿ ಒಂದು ನಿಮಿಷ ಓಡಿದರೆ ಅವರಿಗೆ ಅದೆಲ್ಲ ಮೂಗಿನಿಂದಲೇ ವಾಪಸು ಬರುತ್ತದೆ. ಮಿನರಲ್ ಆಯಿಲ್ ಹಾಕಿ ಅದನ್ನು ಯಾಕೆ ಕಸಿಯಬೇಕು?

ಪೆಟ್ರೋಲ್ ವಿಚಾರ ಬೇಗ ಮುಗಿಸುತ್ತೇನೆ. ಮೆಥನಾಲಿಗೆ ಕಟ್ಟಿದ ಎಂಜಿನ್‌ನ ಕಂಪ್ರೆಶನ್ 14:1ರ ಆಸುಪಾಸು ಇರುತ್ತದೆ. ಪಂಪಿನ ಪೆಟ್ರೋಲ್ ಅಷ್ಟು ಒತ್ತಡ ತಡೆಯದೆ ತಾನೇ ಸಿಡಿದು ಪಿಸ್ಟನ್ ತಲೆಗೆ ತೂತು ಬೀಳುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಮೆಥನಾಲಿಗೆ ಸುಮಾರು 6.4 ಸಾಕು. ಅಂದರೆ ಇಂಧನ ಎರಡೂಕಾಲು ಪಟ್ಟಿಗಿಂತ ಹೆಚ್ಚು. ನಿಮ್ಮ ಅಮಲ್ ಕಂಪನಿಯ ಕಾರ್ಬುರೇಟರಿನ ಜೆಟ್, ಫ್ಲೋಟ್ ಸೀಟು, ಇಂಧನದ ನಲ್ಲಿ ಎಲ್ಲವೂ ಆ ಹರಿವಿಗೆ ಕೊರೆದದ್ದು. ಇಷ್ಟನ್ನೂ ಬದಲಿಸಿ ಪೆಟ್ರೋಲಿಗೆ ಒಗ್ಗಿಸಿದರೆ ಉಳಿಯುವುದು ಸ್ಪೀಡ್‌ವೇ ಎಂಜಿನ್ ಅಲ್ಲ.

ಮೆಥನಾಲಿನ ಜೊತೆ ಮಾತ್ರ ಸಲಿಗೆ ಬೇಡ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಧಾರಾಳ ನೀರು ಇಟ್ಟುಕೊಳ್ಳಿ, ನೀರಿನಲ್ಲಿ ಬೆರೆತು ಆರುತ್ತದೆ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ದೃಷ್ಟಿಯನ್ನೇ ಕೆಡಿಸಬಲ್ಲದು, ಗ್ಲೌಸ್ ನೆನೆದ ಕೂಡಲೇ ಬದಲಿಸಿ. ಓಡಿಸಿದ ದಿನವೇ ಇಂಧನದ ಟ್ಯಾಂಕ್, ಫ್ಲೋಟ್ ಬೌಲ್ ಖಾಲಿ ಮಾಡಿ ಕಾರ್ಬುರೇಟರ್ ತೊಳೆಯಿರಿ. ಬಿಟ್ಟರೆ ಒಳಗೆಲ್ಲ ಬಿಳಿ ಪುಡಿ ಏಳುತ್ತದೆ. ಬೈಕಿಗೆ ಬ್ರೇಕ್ ಇಲ್ಲ, ಗೇರ್ ಒಂದೇ. ರಸ್ತೆಗೆ ತರುವ ಯೋಚನೆ ಇದ್ದರೆ ಈಗಲೇ ಬಿಡಿ.

ಇನ್ನು ಹೊಸ ಪೇಂಟ್, ಕ್ರೋಮ್ ಮಾಡಿಸಿ ಹಜಾರದಲ್ಲಿ ನಿಲ್ಲಿಸುವ ಮಾತು. ಓಡಿಸುವುದಾ ನಿಲ್ಲಿಸುವುದಾ ಅಂತ ನೀವು ಎರಡು ದಾರಿ ಮಾಡಿಕೊಂಡಿದ್ದೀರಿ, ನನಗೆ ಅದು ಒಪ್ಪಿಗೆಯಿಲ್ಲ. ನಿಲ್ಲಿಸಿದರೂ ಒಳಗಿನ ಹರಳೆಣ್ಣೆ ಗಟ್ಟಿಯಾಗುವುದು ನಿಲ್ಲುವುದಿಲ್ಲ, ಹೇಗಿದ್ದರೂ ಬಿಚ್ಚಬೇಕು. ಮೂಲ ರೂಪ ಅನ್ನುವ ಮಾತೂ ಇಲ್ಲಿ ನಿಲ್ಲುವುದಿಲ್ಲ. ಎಂಜಿನ್ ಜೆಎಪಿಯದು, ಫ್ರೇಮ್ ರೋಟ್ರ್ಯಾಕ್ಸ್ ಕಂಪನಿಯದಿರಬಹುದು, ಎಕ್ಸೆಲ್ಸಿಯರ್ ಕಂಪನಿಯದಿರಬಹುದು, ಬಿದ್ದಾಗಲೆಲ್ಲ ಸವಾರರು ಕೈಗೆ ಸಿಕ್ಕ ಭಾಗ ಹಾಕಿ ಮುಂದಿನ ವಾರಕ್ಕೆ ಸಿದ್ಧ ಮಾಡುತ್ತಿದ್ದರು. ಆ ಗೀರು, ಆ ಬೆಸುಗೆ ಇದ್ದ ಹಾಗೇ ಇರಲಿ. ಮಡ್‌ಗಾರ್ಡಿನ ಅಡಿ ಹಳೆಯ ಕೆಂಪು ಮಣ್ಣು ಕಂಡರೆ ಅದನ್ನೂ ತೊಳೆಯಬೇಡಿ.

ಮೈಸೂರಿನವರು ಅಂತ ಬರೆದಿದ್ದೀರಿ, ಅದಕ್ಕೆ ಇದೊಂದು. ಜೆಎಪಿಯನ್ನು ಟ್ರ್ಯಾಕಿನಿಂದ ಹೊರಗೆ ಕಳಿಸಿದ್ದು ಚೆಕ್ ದೇಶದ ದಿವಿಶೊವ್ ಊರಿನ ಎಸೊ ಎಂಜಿನ್, 88 ಮಿ.ಮೀ. ಬೋರ್, 82 ಮಿ.ಮೀ. ಸ್ಟ್ರೋಕ್. 1964ರಲ್ಲಿ ಎಸೊ ಕಾರ್ಖಾನೆ ಜಾವಾ ಜೊತೆ ಸೇರಿತು. ಮೈಸೂರಿನಲ್ಲಿ ಟೂ ಸ್ಟ್ರೋಕ್ ಜಾವಾ ತಯಾರಾಗುತ್ತಿದ್ದ ಅದೇ ದಶಕದಲ್ಲಿ ಜಾವಾ ಹೆಸರಿನ ಫೋರ್ ಸ್ಟ್ರೋಕ್ ಎಂಜಿನ್ ಯುರೋಪಿನ ಟ್ರ್ಯಾಕುಗಳನ್ನು ಆಳತೊಡಗಿತ್ತು. ಅದಕ್ಕೂ ಮೆಥನಾಲೇ.

ಈ ವಾರ ಮಾಡಬೇಕಾದದ್ದು ಇಷ್ಟೇ. ಎಂಜಿನ್ ಒಂದು ಸುತ್ತೂ ತಿರುಗಿಸಬೇಡಿ. ಆಯಿಲ್ ಟ್ಯಾಂಕಿನ ತಳಕ್ಕೆ ಟಾರ್ಚ್ ಬಿಟ್ಟು ನೋಡಿ, ಮರದ ಕಡ್ಡಿಯಲ್ಲಿ ಕೆರೆಯಿರಿ. ಕೆರೆದದ್ದರಲ್ಲಿ ಅರ್ಧ ಸೀಮೆಎಣ್ಣೆಗೆ, ಅರ್ಧ ಸ್ಪಿರಿಟ್ಟಿಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಯಾವುದರಲ್ಲಿ ಏನು ಉಳಿದಿದೆ ಅಂತ ಇಲ್ಲೇ ಬರೆಯಿರಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.