ಸೂಪರ್‌ಚಾರ್ಜರ್‌ಗೆ ಬೇರೆ ಆಯಿಲ್ಲಾ? ಹೌದು, ಬೇರೆಯೇ

ಪ್ರಶ್ನೆ: ಶರಣು ಸರ್. ಹೈದರಾಬಾದಿನಲ್ಲಿ ಒಂದು ಹಳೇ ಮರ್ಸಿಡಿಸ್ ಸಿ 200 ಪೆಟ್ರೋಲ್ ಗಾಡಿ ಕೈಗೆಟುಕುವ ರೇಟಿಗೆ ಸಿಕ್ಕಿತು, ಕೊಂಡು ತಂದೆ. ಹಿಂದೆ ಕಂಪ್ರೆಸರ್ ಅಂತ ಬರೆದಿದೆ. ಸೂಪರ್‌ಚಾರ್ಜರ್ ಆಯಿಲ್ ಬದಲಿಸಬೇಕು ಅಂತ ವಿಡಿಯೊದಲ್ಲಿ ನೋಡಿ ನಮ್ಮ ಮಿಸ್ತ್ರಿಯನ್ನು ಕೇಳಿದರೆ, 'ಅದಕ್ಕೆ ಬೇರೆ ಆಯಿಲ್ ಇರಲ್ಲ, ಎಂಜಿನ್ ಆಯಿಲ್ಲೇ ಹೋಗುತ್ತೆ' ಅಂದರು. ಯಾರ ಮಾತು ಸರಿ? ನಾನೇ ಮನೆಯಲ್ಲಿ ಮಾಡಬಹುದಾ? ಸಾಮಾನ್ಯ ಸರ್ವಿಸ್ ಎಲ್ಲ ನಾನೇ ಮಾಡಿಕೊಳ್ಳುತ್ತೇನೆ, ಪಾನಾ ಸೆಟ್ ಇದೆ.
– ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ನಿಮ್ಮ ಮಿಸ್ತ್ರಿ ಸುಳ್ಳು ಹೇಳಿಲ್ಲ. ಅವರ ಗ್ಯಾರೇಜಿಗೆ ಬರುವುದೆಲ್ಲ ಟರ್ಬೊ ಡೀಸೆಲ್ ಗಾಡಿಗಳು, ಟರ್ಬೊಗೆ ಎಂಜಿನ್ ಆಯಿಲ್ಲೇ ಹೋಗುತ್ತದೆ. ಸೂಪರ್‌ಚಾರ್ಜರ್ (ಮರ್ಸಿಡಿಸ್‌ನವರು ಅದನ್ನೇ ಕಂಪ್ರೆಸರ್ ಅನ್ನುತ್ತಾರೆ) ಕಥೆ ಬೇರೆ. ಎರಡರ ಕೆಲಸವೂ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದೇ, ಆದರೆ ಟರ್ಬೊವನ್ನು ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ, ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟಿನಿಂದ ಎಳೆದು ತಿರುಗಿಸುತ್ತದೆ. ನಿಮ್ಮ ಗಾಡಿಯಲ್ಲಿರುವುದು ರೂಟ್ಸ್ ಮಾದರಿ. 1860ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಅಣ್ಣ ತಮ್ಮಂದಿರು ಪೇಟೆಂಟ್ ಪಡೆದ ಗಾಳಿ ಪಂಪಿನ ವಂಶದ್ದು. ಒಳಗೆ ಗಾಳಿ ತಳ್ಳುವ ಎರಡು ರೋಟರ್ ಒಂದಕ್ಕೊಂದು ತಾಗದೆ, ಸುತ್ತಲಿನ ಗೋಡೆಗೂ ತಾಗದೆ, ಕೂದಲೆಳೆಯ ಅಂತರದಲ್ಲಿ ತಿರುಗುತ್ತವೆ. ತಾಗದೇ ಇರುವುದಕ್ಕೆ ಆಯಿಲ್ ಯಾಕೆ ಬೇಕು? ಅಲ್ಲಿ ಬೇಡ. ಆದರೆ ಅವೆರಡನ್ನೂ ಲೆಕ್ಕ ತಪ್ಪದಂತೆ ತಿರುಗಿಸಲು ಮುಂದುಗಡೆ ಒಂದು ಜೊತೆ ಗೇರ್ ಇದೆ, ಬೇರಿಂಗ್ ಇವೆ. ಅವು ಒಂದು ಚಿಕ್ಕ ಡಬ್ಬಿಯಲ್ಲಿ ಕೂತಿರುತ್ತವೆ, ಅದೇ ಡಬ್ಬಿಯಲ್ಲಿ ಒಂದಿಷ್ಟು ಆಯಿಲ್. ಅದಕ್ಕೆ ಪಂಪಿಲ್ಲ, ಫಿಲ್ಟರಿಲ್ಲ, ಎಂಜಿನ್ ಆಯಿಲಿನ ಜೊತೆ ಸಂಬಂಧವೇ ಇಲ್ಲ. ನೀವು ಎಷ್ಟು ಸಲ ಎಂಜಿನ್ ಆಯಿಲ್ ಬದಲಿಸಿದರೂ ಇದು ಹಳೆಯದೇ ಇರುತ್ತದೆ.

(ಎಲ್ಲ ಸೂಪರ್‌ಚಾರ್ಜರ್‌ಗೂ ಹೀಗೇ ಅಂತಲ್ಲ. ಕವಾಸಾಕಿ ನಿಂಜಾ ಎಚ್2 ಬೈಕಿನಲ್ಲಿ ಸೂಪರ್‌ಚಾರ್ಜರ್ ಇದೆ, ಅದಕ್ಕೆ ಎಂಜಿನ್ ಆಯಿಲ್ಲೇ ಹೋಗುತ್ತದೆ.)

ಇನ್ನು, ಬದಲಿಸಲೇಬೇಕಾ? ಕಂಪನಿಯವರು ಈ ಡಬ್ಬಿಯನ್ನು ಸೀಲ್ ಮಾಡಿ, ಗಾಡಿ ಇರುವವರೆಗೂ ಇದೇ ಸಾಕು ಅನ್ನುವ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅದಕ್ಕೇ ಸರ್ವಿಸ್ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಬದಲಿಸಿ ಅಂತ ಸಿಗುವುದಿಲ್ಲ. ಆದರೆ ಇದೇ ತರಹದ ಸೂಪರ್‌ಚಾರ್ಜರ್ ಹಾಕಿದ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಗಾಡಿಗಳಿಗೆ ಸುಮಾರು 50,000 ಕಿಲೋಮೀಟರಿಗೊಮ್ಮೆ ಲೆವೆಲ್ ನೋಡಿ ಅಂತ ಹೇಳಿತ್ತು. ಗಮನಿಸಿ, ಬದಲಿಸಿ ಅಂತಲ್ಲ, ನೋಡಿ ಅಂತ. ನನ್ನ ಅಭಿಪ್ರಾಯವೂ ಅದೇ. ಇಷ್ಟು ವರ್ಷ ಹಳೆಯದಾದ, ಹಿಂದಿನ ಮಾಲೀಕರು ಏನು ಮಾಡಿದ್ದರು ಗೊತ್ತಿಲ್ಲದ ಗಾಡಿಯಲ್ಲಿ ಮೊದಲು ಲೆವೆಲ್ ನೋಡಿ, ಬಣ್ಣ ನೋಡಿ, ಆಮೇಲೆ ತೀರ್ಮಾನ ಮಾಡಿ. ಸೀಲು ಸೋರಿ ಡಬ್ಬಿ ಒಣಗಿದ್ದರೆ ಗೇರು ಬೇರಿಂಗು ತಿಂದುಹೋಗುತ್ತವೆ, ಆಮೇಲೆ ರೋಟರ್ ಒಂದಕ್ಕೊಂದು ಬಡಿದರೆ ಮುಗೀತು. ಅದರ ಖರ್ಚಿನ ಮುಂದೆ ಈ ಆಯಿಲ್ ಯಾವ ಲೆಕ್ಕ?

ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಒಂದು, ಡಿಕ್ಕಿಯ ಮೇಲಿನ ಅಕ್ಷರ ನಂಬಬೇಡಿ. ಸಿ ಕ್ಲಾಸಿನಲ್ಲಿ ಆಮೇಲೆ ಟರ್ಬೊ ಇರುವ ಸಿಜಿಐ ಎಂಬ ಪೆಟ್ರೋಲ್ ಎಂಜಿನ್ ಬಂತು, ಸೆಕೆಂಡ್ ಹ್ಯಾಂಡ್ ಮಾರ್ಕೆಟಿನಲ್ಲಿ ಬ್ಯಾಡ್ಜ್ ಅಂಟಿಸುವುದು ಎಷ್ಟು ಹೊತ್ತಿನ ಕೆಲಸ? ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಕೊಟ್ಟು ವಿಚಾರಿಸಿ. ಎರಡು, ಆಯಿಲ್ ಡಬ್ಬಿಯ ತೂತು ಮುಚ್ಚುವ ಪ್ಲಗ್ ಎಲ್ಲಿದೆ, ಕೈ ಹೋಗುತ್ತದಾ ಅಂತ ಟಾರ್ಚ್ ಹಾಕಿ ನೋಡಿ. ಕೆಲವು ಗಾಡಿಯಲ್ಲಿ ಪ್ಲಗ್ ಎದುರಿಗೇ ಇರುತ್ತದೆ, ಕೆಲವದರಲ್ಲಿ ಇಡೀ ಸೂಪರ್‌ಚಾರ್ಜರ್ ಬಿಚ್ಚಿ ಕೆಳಗಿಳಿಸದೆ ಕಾಣುವುದೇ ಇಲ್ಲ. 2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್‌ನಲ್ಲಿ ಹಾಗೇ, ಅದರಲ್ಲಿ ಮುಂದೊಂದು ಹಿಂದೊಂದು ಎರಡು ಗೇರ್ ಡಬ್ಬಿ, ಹಿಂದಿನದು ವಾಟರ್ ಪಂಪನ್ನೂ ತಿರುಗಿಸುತ್ತದೆ, ಅಲ್ಲಿ ಆಯಿಲ್ ಒಣಗಿದರೆ ನೀರಿನ ಪಂಪೂ ನಿಂತು ಎಂಜಿನ್ ಬಿಸಿಯಾಗುತ್ತದೆ. ನಿಮ್ಮದರಲ್ಲೂ ಬಿಚ್ಚಿ ಇಳಿಸಲೇಬೇಕು ಅಂತಾದರೆ ಸುಮ್ನೆ ಒದ್ದಾಡಬೇಡಿ, ಹೈದರಾಬಾದಿನಲ್ಲಿ ಈ ಗಾಡಿ ಬಲ್ಲವರ ಹತ್ತಿರ ಮಾಡಿಸಿ.

ಪ್ಲಗ್ ಕೈಗೆ ಸಿಗುತ್ತದೆ ಅಂತಿಟ್ಟುಕೊಳ್ಳೋಣ. ರಾತ್ರಿಯೇ ಗಾಡಿ ನಿಲ್ಲಿಸಿಬಿಡಿ, ಬೆಳಿಗ್ಗೆ ಬಿಸಿಲೇರುವ ಮುಂಚೆ ಕೆಲಸ ಮುಗಿಸಿ. ಇದು ನಮ್ಮೂರಿನ ಬೇಸಿಗೆಗೆ ಹೆದರಿ ಹೇಳುವ ಮಾತಲ್ಲ. ಬಿಸಿ ಇರುವಾಗ ಪ್ಲಗ್ ತೆಗೆದರೆ ಸುಡುವ ಆಯಿಲ್ ಮೈಮೇಲೆ ಚಿಮ್ಮಬಹುದು, ಜೊತೆಗೆ ಆಯಿಲ್ ಹಿಗ್ಗಿರುವುದರಿಂದ ಲೆವೆಲ್ಲೂ ತಪ್ಪು ತೋರಿಸುತ್ತದೆ. ಗಾಡಿ ಸಮತಟ್ಟು ನೆಲದ ಮೇಲೆ ಇರಬೇಕು. ನಮ್ಮ ಕಡೆ ಮನೆ ಮುಂದೆ ಶಹಾಬಾದ್ ಪರ್ಷಿ ಹಾಕಿಸುವಾಗ ನೀರು ಹರಿಯಲಿ ಅಂತ ಇಳಿಜಾರು ಬಿಟ್ಟಿರುತ್ತಾರೆ, ಕಣ್ಣಿಗೆ ಗೊತ್ತಾಗಲ್ಲ. ಗೌಂಡಿಯ ಲೆವೆಲ್ ಪಟ್ಟಿ ಇಟ್ಟು ನೋಡಿ. ಏನಾದರೂ ಕಾರಣಕ್ಕೆ ಜಾಕ್ ಏರಿಸಬೇಕಾಗಿ ಬಂದರೆ ಪರ್ಷಿ ಮೇಲೆ ನೇರವಾಗಿ ಬೇಡ, ಕಲ್ಲು ಸೀಳುತ್ತದೆ, ಕೆಳಗೆ ದಪ್ಪ ಹಲಗೆ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ.

ಪ್ಲಗ್ ಸುತ್ತ ಬ್ರಷ್ಷು, ಬಟ್ಟೆಯಿಂದ ಚೆನ್ನಾಗಿ ಒರೆಸಿ. ಇದನ್ನು ಬಹಳ ಜನ ಬಿಡುತ್ತಾರೆ. ಸೇಡಂ ರಸ್ತೆಯಲ್ಲಿ ಓಡಾಡುವ ಗಾಡಿಯ ಬಾನೆಟ್ ಒಳಗೆ ಎಷ್ಟು ಧೂಳು ಕೂತಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಫಿಲ್ಟರಿಲ್ಲದ ಡಬ್ಬಿಗೆ ಒಂದು ಚಿಟಿಕೆ ಮರಳು ಬಿದ್ದರೂ ಅದು ಅಲ್ಲೇ ಅರೆಯುತ್ತಾ ಇರುತ್ತದೆ. ಆಮೇಲೆ ಸರಿಯಾದ ಅಳತೆಯ ಅಲನ್ ಕೀ ಪೂರ್ತಿ ಒಳಗೆ ಕೂರಿಸಿ ನಿಧಾನಕ್ಕೆ ಬಿಚ್ಚಿ. ಡಬ್ಬಿಯ ಬಾಡಿ ಅಲ್ಯೂಮಿನಿಯಂ, ಜೋರು ಮಾಡಿದರೆ ಆಟೆ (ಥ್ರೆಡ್) ಕಿತ್ತು ಬರುತ್ತದೆ.

ಈ ಡಬ್ಬಿಗಳಲ್ಲಿ ಕೆಳಗೆ ಡ್ರೈನ್ ಪ್ಲಗ್ ಇರುವುದು ಅಪರೂಪ. ಇರುವ ಒಂದೇ ತೂತಿನಿಂದಲೇ ತೆಗೆಯಬೇಕು, ಅದರಿಂದಲೇ ತುಂಬಬೇಕು. ಮೆಡಿಕಲ್ ಶಾಪಿನಲ್ಲಿ 50 ಎಂ.ಎಲ್. ಸಿರಿಂಜ್, ಒಂದು ತುಂಡು ಸಲೈನ್ ಪೈಪ್ ತನ್ನಿ. ಪೈಪನ್ನು ತಳಕ್ಕೆ ಇಳಿಸಿ ನಿಧಾನಕ್ಕೆ ಎಳೆಯಿರಿ, ಬಿಳಿ ಬಾಟಲಿಗೆ ಹಾಕಿ. ಕಪ್ಪಾಗಿದ್ದರೆ, ಕೊಳೆತ ನಾತ ಬಂದರೆ ಹೆದರಬೇಡಿ, ಈ ಆಯಿಲ್ ಹೊಸದಿದ್ದಾಗಲೇ ಮೂಗು ಮುಚ್ಚಿಕೊಳ್ಳುವಂತೆ ನಾರುತ್ತದೆ. ಹೊಳೆಯುವ ಚೂರು, ಕೈಗೆ ಚುಚ್ಚುವಂಥ ಕಬ್ಬಿಣದ ತುಣುಕು ಸಿಕ್ಕರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಅದು ಆಯಿಲ್ ಬದಲಿಸಿದರೆ ಹೋಗುವ ಕಾಯಿಲೆಯಲ್ಲ.

ತುಂಬುವಾಗ ಆಸೆ ಬೇಡ. ಹೊರಗೆ ಬಂದಷ್ಟೇ ಒಳಗೆ ಹಾಕುತ್ತೇನೆ ಅನ್ನುವುದೂ ತಪ್ಪು, ಯಾಕಂದರೆ ಮೊದಲೇ ಸೋರಿ ಕಡಿಮೆ ಆಗಿದ್ದಿರಬಹುದು. ಸಾಮಾನ್ಯವಾಗಿ ಪ್ಲಗ್ ತೂತಿನ ಆಟೆಯ ಕೆಳ ಅಂಚಿನವರೆಗೆ ಬಂದರೆ ಸಾಕು, ನಿಮ್ಮ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್ ಬೇರೆ ಹೇಳಿದ್ದರೆ ಅದೇ ಕೊನೆ. ಜಾಸ್ತಿ ತುಂಬಿದರೆ ಗೇರು ಅದನ್ನು ಕಡೆದು ನೊರೆ ಮಾಡುತ್ತವೆ, ಬಿಸಿಯಾಗುತ್ತದೆ, ಒತ್ತಡಕ್ಕೆ ಸೀಲು ದಾಟಿ ರೋಟರ್ ಕಡೆ ಹೋಗುತ್ತದೆ. ಪ್ಲಗ್ಗಿಗೆ ಹೊಸ ವಾಷರ್ ಅಥವಾ ಓ ರಿಂಗ್ ಹಾಕಿ ಹದವಾಗಿ ಬಿಗಿ ಮಾಡಿ. ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡಿ, ಆಫ್ ಮಾಡಿ, ಪ್ಲಗ್ ಸುತ್ತ ಬೆರಳಾಡಿಸಿ ನೋಡಿ.

ಪ್ರಶ್ನೆ: ನಮ್ಮ ಮಾಮಾನ ಹತ್ತಿರವೂ ಇಂಥದ್ದೇ ಗಾಡಿ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನಿಂದ ಗೋಲಿ ಅಲ್ಲಾಡಿಸಿದಂತೆ ಕಟಕಟ ಸದ್ದು, ಆಕ್ಸಲರೇಟರ್ ಒತ್ತಿದರೆ ಮಾಯ. ಗಾಳಿ ಹೋಗುವ ರಬ್ಬರ್ ಪೈಪಿನಲ್ಲಿ ಆಯಿಲ್ ಜಿಡ್ಡೂ ಇದೆ. ಸೂಪರ್‌ಚಾರ್ಜರ್ ಆಯಿಲ್ ಬದಲಿಸಿದರೆ ಸರಿಹೋಗುತ್ತದಾ?
– ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಸರಿಹೋಗುವುದು ಕಷ್ಟ. ಐಡಲಿನಲ್ಲಿ ಮಾತ್ರ ಬಂದು ಆರ್‌ಪಿಎಂ ಏರಿದಾಗ ಹೋಗುವ ಕಟಕಟ ಸದ್ದಿಗೆ ಸಾಮಾನ್ಯವಾಗಿ ಕಾರಣ ಒಳಗಿನ ಕಪ್ಲರ್. ಪುಲ್ಲಿ ಶಾಫ್ಟಿನಿಂದ ಗೇರಿಗೆ ತಿರುಗುವ ಬಲ ದಾಟಿಸುವ ಚಿಕ್ಕ ಭಾಗ ಅದು, ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ಕಿನದು. ಅದರ ತೂತು ಸವೆದು ಅಗಲವಾದಾಗ ಪಿನ್ನುಗಳು ಬಡಿಯುತ್ತವೆ. ಸಣ್ಣ ಸಾಮಾನು, ಆದರೆ ಬದಲಿಸಲು ಸೂಪರ್‌ಚಾರ್ಜರಿನ ಮೂತಿ, ಅಂದರೆ ಪುಲ್ಲಿ ಇರುವ ಮುಂದಿನ ಭಾಗ, ಬಿಚ್ಚಬೇಕು. ಹೇಗೂ ಬಿಚ್ಚಿದಾಗ ಆಯಿಲ್ ಹೊರಗೆ ಬರುತ್ತದಲ್ಲ, ಎರಡೂ ಕೆಲಸ ಒಟ್ಟಿಗೇ ಮುಗಿಸಿ. ಅದಕ್ಕೂ ಮುಂಚೆ ಬೆಲ್ಟ್ ಬಿಚ್ಚಿ, ಅದನ್ನು ಬಿಗಿಯಾಗಿ ಹಿಡಿದು ದಾರಿ ತೋರುವ ಟೆನ್ಷನರ್, ಐಡ್ಲರ್ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ ನೋಡಿ. ಅವುಗಳ ಬೇರಿಂಗ್ ಹೋಗಿದ್ದರೂ ಸದ್ದು ಹೀಗೇ ಬರುತ್ತದೆ, ಸೂಪರ್‌ಚಾರ್ಜರ್ ಮೇಲೆ ಸುಮ್ನೆ ಅಪವಾದ. ಒತ್ತಿದಾಗ ಬರುವ ಕುಂಯ್ ಅನ್ನುವ ಸದ್ದು ಮಾತ್ರ ಅದರ ಹುಟ್ಟುಗುಣ, ಅದಕ್ಕೆ ಔಷಧಿ ಬೇಡ.

ಪೈಪಿನ ಜಿಡ್ಡು ನೋಡಿ ಸೂಪರ್‌ಚಾರ್ಜರ್ ಸೀಲು ಹೋಯಿತು ಅಂತ ತೀರ್ಪು ಕೊಡಬೇಡಿ. ಎಂಜಿನ್ನಿನ ಬ್ರೀದರ್ ಪೈಪಿನಿಂದ ಆಯಿಲ್ ಆವಿ ಇಲ್ಲಿಗೇ ಬರುತ್ತದೆ, ಹಳೇ ಗಾಡಿಗಳಲ್ಲಿ ತೆಳ್ಳಗೆ ಜಿಡ್ಡು ಇರುವುದು ಮಾಮೂಲು. ಜಿಡ್ಡಿನ ಜೊತೆ ಡಬ್ಬಿಯ ಲೆವೆಲ್ಲೂ ಇಳಿದಿದ್ದರೆ ಆಗ ಸೀಲಿನ ಮೇಲೆ ಅನುಮಾನ ಪಡಿ.

ಪ್ರಶ್ನೆ: ಇದಕ್ಕೆ ಯಾವ ಆಯಿಲ್? ಅಂಗಡಿಯವರು ಗೇರ್ ಆಯಿಲ್ 90 ಹಾಕಿ ಅಂತಾರೆ.
– ಓದುಗರು, ಯಾದಗಿರಿ

ಉತ್ತರ: 90 ನಂಬರ್ ಗೇರ್ ಆಯಿಲ್ ಜೀಪು, ಟ್ರ್ಯಾಕ್ಟರಿಗೆ ಸರಿ. ಇಲ್ಲಿ ಬೇಡವೇ ಬೇಡ. ಎಂಜಿನ್ನಿನ ಪುಲ್ಲಿಗಿಂತ ಸೂಪರ್‌ಚಾರ್ಜರ್ ಪುಲ್ಲಿ ಚಿಕ್ಕದು, ಹಾಗಾಗಿ ರೋಟರ್‌ಗಳು ಎಂಜಿನ್ನಿಗಿಂತ ಜಾಸ್ತಿ ವೇಗದಲ್ಲಿ ಸುತ್ತುತ್ತವೆ. ಅಷ್ಟು ವೇಗದ ಗೇರುಗಳಿಗೆ ದಪ್ಪ ಆಯಿಲ್ ಹಾಕಿದರೆ ಅದೇ ಹೊರೆ, ಅದೇ ಬಿಸಿ. ಸೂಪರ್‌ಚಾರ್ಜರ್ ಆಯಿಲ್ ಅಂತಲೇ ಚಿಕ್ಕ ಬಾಟಲಿಯಲ್ಲಿ ಬರುತ್ತದೆ, ತೆಳ್ಳಗಿನ ಸಿಂಥೆಟಿಕ್. ಜನರಲ್ ಮೋಟಾರ್ಸಿನದು 4 ಔನ್ಸ್, ಅಂದರೆ ಸುಮಾರು 118 ಎಂ.ಎಲ್. ನಮ್ಮ ಊರುಗಳ ಅಂಗಡಿಯಲ್ಲಿ ಹುಡುಕಿ ಕಾಲ ಕಳೆಯಬೇಡಿ, ಆನ್‌ಲೈನಿನಲ್ಲಿ ತರಿಸಿ, ನಿಮ್ಮ ಸೂಪರ್‌ಚಾರ್ಜರ್ ಮಾದರಿಗೆ ಹೊಂದುತ್ತದಾ ಅಂತ ನೋಡಿಯೇ ತರಿಸಿ. ಹಳೇ ಮಾದರಿಯದೂ ಹೊಸ ಮಾದರಿಯದೂ ಒಂದೇ ಅಂತ ತಿಳಿದು ಬೆರೆಸಬೇಡಿ. ವಿದೇಶದಲ್ಲಿ ಕೆಲವರು ವಿಮಾನದ ಜೆಟ್ ಎಂಜಿನ್ನಿಗೆ ಹಾಕುವ ಆಯಿಲ್ ಹಾಕುತ್ತಾರೆ ಅನ್ನುವುದೂ ನಿಜ. ಬೀದರಿನ ವಾಯುಪಡೆ ನೆಲೆಯಲ್ಲಿ ಒಂದು ಬಾಟಲಿ ಸಿಗುತ್ತದಾ ಅಂತ ದಯವಿಟ್ಟು ಯಾರೂ ಕೇಳಲು ಹೋಗಬೇಡಿ!

ಪ್ರಶ್ನೆ: ನನ್ನದು ಟರ್ಬೊ ಡೀಸೆಲ್. ಹಾಗಾದರೆ ನನಗೆ ಬೇರೆ ಕೆಲಸವೇ ಇಲ್ಲವಾ? ತೆಗೆದ ಹಳೇ ಆಯಿಲ್ ಏನು ಮಾಡಬೇಕು?
– ಓದುಗರು, ಸುರಪುರ

ಉತ್ತರ: ಟರ್ಬೊಗೆ ಬೇರೆ ಆಯಿಲ್ ಇಲ್ಲ, ಆದರೆ ಅದಕ್ಕೇ ನಿಮ್ಮ ಎಂಜಿನ್ ಆಯಿಲಿನ ಮೇಲೆ ಹೊರೆ ಜಾಸ್ತಿ. ಹೇಳಿದ ಗ್ರೇಡನ್ನೇ ಹಾಕಿ, ಹೇಳಿದ ಕಿಲೋಮೀಟರಿಗೆ ಬದಲಿಸಿ, ಮುಂದಕ್ಕೆ ತಳ್ಳಬೇಡಿ. ಬಿಎಸ್ 6 ಡೀಸೆಲ್ ಆಗಿದ್ದು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಡಬ್ಬದ ಮೇಲೆ ಅದಕ್ಕೆ ಹೊಂದುವ ಗುರುತು ಇದೆಯಾ ನೋಡಿ, ಇಲ್ಲದ್ದು ಹಾಕಿದರೆ ಬೂದಿ ಕಟ್ಟಿ ಫಿಲ್ಟರ್ ಬೇಗ ಮುಚ್ಚುತ್ತದೆ. ಹೈವೇಯಲ್ಲಿ ಜೋರಾಗಿ ಓಡಿಸಿ ಬಂದ ತಕ್ಷಣ ಕೀ ತಿರುಗಿಸಬೇಡಿ, ಸ್ವಲ್ಪ ಹೊತ್ತು ಐಡಲಿನಲ್ಲಿ ಬಿಡಿ.

ಹಳೇ ಆಯಿಲನ್ನು ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳಿಕೊಂಡು ಬರುವವರಿರುತ್ತಾರೆ, ಅವರಿಗೂ ಕೊಡಬೇಡಿ, ಅದು ಕೊನೆಗೆ ಮಣ್ಣಿಗೇ ಸೇರುತ್ತದೆ. ಮುಚ್ಚಳ ಗಟ್ಟಿ ಇರುವ ಕ್ಯಾನಿನಲ್ಲಿ ತುಂಬಿಟ್ಟು, ಹಳೇ ಆಯಿಲ್ ಸಂಗ್ರಹಿಸಿ ಲೈಸೆನ್ಸ್ ಇರುವವರಿಗೆ ಕೊಡುವ ದೊಡ್ಡ ಸರ್ವಿಸ್ ಸೆಂಟರ್ ಯಾವುದಾದರೂ ಇದ್ದರೆ ಅವರಿಗೆ ತಲುಪಿಸಿ. ಕೂಲಂಟ್, ಬ್ರೇಕ್ ಆಯಿಲ್ ಅದರಲ್ಲಿ ಬೆರೆಸಿದ್ದರೆ ಅವರೂ ತೆಗೆದುಕೊಳ್ಳಲಿಕ್ಕಿಲ್ಲ, ಅವನ್ನು ಬೇರೆ ಇಡಿ.