ಕಾಲೇಜು ಬ್ಯಾಂಡಿನ ಹಾಡಿನ ವಿಡಿಯೊವನ್ನು ಮೈಸೂರಿನ ಸುತ್ತ ಎಲ್ಲಿ ಚಿತ್ರೀಕರಿಸಬಹುದು?

ಒಂದೇ ದಿನದಲ್ಲಿ, ಕಡಿಮೆ ಖರ್ಚಿನಲ್ಲಿ ಮುಗಿಯಬೇಕೆಂದು ನೀವು ಕೇಳಿರುವುದರಿಂದ, ಜಾಗದ ಸೊಬಗಿಗಿಂತ ಅದು ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿ. ಸೋಮನಾಥಪುರದ ಕೇಶವ ದೇವಾಲಯ ಮತ್ತು ಶ್ರೀರಂಗಪಟ್ಟಣದ ದರಿಯಾ ದೌಲತ್ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಾದ್ದರಿಂದ, ಅಲ್ಲಿ ಹಾಡು ಚಿತ್ರೀಕರಿಸಲು ಪೂರ್ವಾನುಮತಿ ಬೇಕೇ ಬೇಕು. ಕುಕ್ಕರಹಳ್ಳಿ ಕೆರೆಗೆ ಮೈಸೂರು ವಿಶ್ವವಿದ್ಯಾನಿಲಯವನ್ನೂ ಕಾರಂಜಿ ಕೆರೆಗೆ ಮೃಗಾಲಯದ ಆಡಳಿತವನ್ನೂ ಕೇಳಬೇಕು. ಡ್ರೋನ್ ಹಾರಿಸುವುದಾದರೆ 2021ರ ಡ್ರೋನ್ ನಿಯಮಗಳನ್ನು ಓದಿಕೊಳ್ಳಿ.

ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಸ್ಥಳದಲ್ಲಿ ಅದನ್ನು ಸ್ಪೀಕರಿನಲ್ಲಿ ಹಾಕಿಕೊಂಡು ತುಟಿ ಹೊಂದಿಸುವುದರಿಂದ ಸುತ್ತಲಿನ ಗದ್ದಲ ತೊಡಕಾಗದು, ಆದರೆ ಬೆಳಕು ತೊಡಕಾಗುತ್ತದೆ. ನಡುಮಧ್ಯಾಹ್ನದ ನೆತ್ತಿಬಿಸಿಲು ಕಣ್ಣುಗಳ ಕೆಳಗೆ ಗಾಢ ನೆರಳು ಬೀಳಿಸುವ ಕಾರಣ, ಬಯಲಿನ ದೃಶ್ಯಗಳನ್ನು ಸೂರ್ಯೋದಯದ ನಂತರದ ಎರಡು ಗಂಟೆಗಳಲ್ಲಿ ಮುಗಿಸಿ, ಉಳಿದುದನ್ನು ಒಳಾಂಗಣಕ್ಕೆ ಇಟ್ಟುಕೊಳ್ಳಿ. ಡ್ರಮ್ಸ್ ಹೊತ್ತು ಊರೆಲ್ಲ ಸುತ್ತುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ, ಆದ್ದರಿಂದ ಎರಡೇ ಜಾಗ ಸಾಕು.

ನನ್ನನ್ನು ಕೇಳಿದರೆ, ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಪಡೆದು ನಿಮ್ಮ ಕಾಲೇಜಿನ ಉದ್ದನೆಯ ಮೊಗಸಾಲೆಯನ್ನೂ, ವರುಣಾ ನಾಲೆಯ ಬಯಲಿನಲ್ಲಿ ಪರಿಚಿತ ರೈತರೊಬ್ಬರ ಗದ್ದೆಯನ್ನೂ ಆರಿಸಿಕೊಳ್ಳುತ್ತೇನೆ. ಹೋಗುವ ಮುನ್ನ ನಾಟಿಯಾಗಿದೆಯೇ, ಕೊಯ್ಲಾಗಿದೆಯೇ ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ.