ಸ್ಪಿಟ್ಸ್‌ನ ಅತಿ ಜನಪ್ರಿಯ ಹಾಡನ್ನೇ ಆಫೀಸಿನ ಕರೋಕೆಯಲ್ಲಿ ಹಾಡಬಹುದಾ?

ಮಾರ್ಚ್ ಕೊನೆ, ಟೋಕಿಯೊ ಆಫೀಸು, ಬಾಸಿಗೆ ಬೀಳ್ಕೊಡುಗೆ, ಅವರಿಗೆ ಸ್ಪಿಟ್ಸ್ ಅನ್ನೋ ಜಪಾನಿ ರಾಕ್ ಬ್ಯಾಂಡ್ ಅಂದ್ರೆ ಪ್ರಾಣ. 'ಆ ಬ್ಯಾಂಡಿನ ಟಾಪ್ ಹತ್ತು ಹಾಡು ಹೇಳಿ, ಮೊದಲನೆಯದನ್ನೇ ಕಲಿತುಬಿಡ್ತೀನಿ' ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ನಾನು ಮಾಡಿದ್ದು ಅಕ್ಷರಶಃ ಇದನ್ನೇ.

ಆಗ ನಾನು ಟೋಕಿಯೊದ ನಿಶಿ-ಕಸಾಯ್‌ನಲ್ಲಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಫುಕುವೋಕಾಗೆ ವರ್ಗವಾಗಿತ್ತು. 'ಮಸಾಮುನೆಯ ಊರಿಗೇ ಹೋಗ್ತಿದ್ದೀನಿ' ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದರು. ಸ್ಪಿಟ್ಸ್‌ನ ಹಾಡುಗಾರ ಮಸಾಮುನೆ ಕುಸಾನೊ ಫುಕುವೋಕಾದವರು. 1987ರಲ್ಲಿ ಕೂಡಿದ ಅದೇ ನಾಲ್ಕು ಜನ ಇವತ್ತಿಗೂ ಜೊತೆಯಲ್ಲಿದ್ದಾರೆ. ಬಾಸಿಗೆ ಅದೊಂದು ದೊಡ್ಡ ಹೆಮ್ಮೆ, ತಾನೇ ಐದನೆಯವನು ಅನ್ನುವ ಹಾಗೆ.

ಸರಿ, ನಾನು ಇಂಟರ್ನೆಟ್ಟಿನಲ್ಲಿ ಪಟ್ಟಿ ಹುಡುಕಿದೆ. ಮೇಲೆಯೇ ಇತ್ತು 'ರಾಬಿನ್ಸನ್'. 1995ರ ಏಪ್ರಿಲ್‌ನಲ್ಲಿ ಬಂದ ಹಾಡು. ತಮಾಷೆ ಅಂದ್ರೆ ಅದು ಜಪಾನಿನ ಹಾಡುಗಳ ಮಾರಾಟದ ಒರಿಕಾನ್ ಪಟ್ಟಿಯಲ್ಲಿ ಯಾವತ್ತೂ ಮೊದಲ ಸ್ಥಾನಕ್ಕೆ ಬರಲಿಲ್ಲ, ನಾಲ್ಕಕ್ಕೆ ನಿಂತಿತು. ಆದರೂ ತಿಂಗಳುಗಟ್ಟಲೆ ಮಾರಾಟವಾಗುತ್ತಲೇ ಹೋಗಿ 16 ಲಕ್ಷ ದಾಟಿತು. ಹಾಡಿನಲ್ಲಿ ರಾಬಿನ್ಸನ್ ಅನ್ನುವವನು ಎಲ್ಲೂ ಇಲ್ಲ. ಕುಸಾನೊ ಥಾಯ್ಲೆಂಡಿಗೆ ಹೋದಾಗ ನೋಡಿದ್ದ ಒಂದು ದೊಡ್ಡ ಅಂಗಡಿಯ ಹೆಸರು ಅದು, ತಾತ್ಕಾಲಿಕವಾಗಿ ಇಟ್ಟಿದ್ದು ಹಾಗೇ ಉಳಿದುಕೊಂಡಿತು. ನನಗೆ ಕಷ್ಟ ಅನ್ನಿಸಲೇ ಇಲ್ಲ. ನಿಧಾನದ ಗಿಟಾರು, ಸಮಾಧಾನದ ದನಿ. ಚಿಕ್ಕಂದಿನಲ್ಲಿ ಸುಗಮ ಸಂಗೀತ ಕಲಿತವನು ಬೇರೆ. ಇದೆಷ್ಟರದ್ದು ಅಂದುಕೊಂಡೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಕುಸಾನೊ ಕಿರುಚುವುದಿಲ್ಲ. ಬೇರೆ ರಾಕ್ ಗಾಯಕರು ಮೇಲಿನ ಸ್ವರಕ್ಕೆ ಹೋದಾಗ ಕತ್ತಿನ ನರ ಕಾಣುತ್ತದೆ, ಕೇಳುವವರಿಗೂ 'ಅಬ್ಬಾ, ಎತ್ತರ' ಅಂತ ಗೊತ್ತಾಗುತ್ತದೆ. ಈತ ಅಷ್ಟೇ ಎತ್ತರದಲ್ಲಿ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾನೆ. ಹಾಗಾಗಿ ಕೇಳಿದವರೆಲ್ಲ ಇದು ನನ್ನ ಗಂಟಲಿಗೂ ಬರುತ್ತೆ ಅಂದುಕೊಳ್ಳುತ್ತಾರೆ. ಚರಣ ನಿಜಕ್ಕೂ ಬರುತ್ತದೆ. ಪಲ್ಲವಿ ಶುರುವಾದ ಕೂಡಲೇ ಗೊತ್ತಾಗುತ್ತದೆ ಬಣ್ಣ.

ಅಭ್ಯಾಸದ ದಿನಗಳಲ್ಲಿ ಅದು ಯಾಕೆ ಗೊತ್ತಾಗಲಿಲ್ಲ ಅಂತೀರಾ? ಮನೆಯ ಗೋಡೆ ತೆಳು, ಪಕ್ಕದವರು ದೂರು ಕೊಟ್ಟಾರು ಅಂತ ಸಂಜೆ ಅರಕಾವಾ ನದಿಯ ದಂಡೆಗೆ ಹೋಗಿ ಅಭ್ಯಾಸ ಮಾಡುತ್ತಿದ್ದೆ. ಕಿವಿಯಲ್ಲಿ ಇಯರ್‌ಫೋನ್. ಅದರಲ್ಲಿ ಕುಸಾನೊ ಹಾಡುತ್ತಿದ್ದ, ನಾನು ಹಿಂದೆ ಗುನುಗುತ್ತಿದ್ದೆ. ಗುನುಗುವಾಗ ಯಾರ ದನಿಯಾದರೂ ಎಲ್ಲಿಗೆ ಬೇಕಾದರೂ ಹೋಗುತ್ತದೆ! ನನ್ನ ದನಿ ನನಗೆ ಒಂದು ಸಲವೂ ಸರಿಯಾಗಿ ಕೇಳಿಸಿರಲಿಲ್ಲ.

ಇಷ್ಟಾದರೂ ಪರವಾಗಿರಲಿಲ್ಲ. ಕರೋಕೆ ಯಂತ್ರದಲ್ಲಿ ಕೀ, ಅಂದರೆ ಶ್ರುತಿ, ಇಳಿಸುವ ಬಟನ್ ಇದೆ. ಒಂದು ಸಲ ಒತ್ತಿದರೆ ಅರ್ಧ ಮನೆ ಕೆಳಗೆ. ನಮ್ಮಲ್ಲಿ ಹಾಡುವವರು ಕೂತ ತಕ್ಷಣ ಮಾಡುವ ಮೊದಲ ಕೆಲಸವೇ ಶ್ರುತಿ ನೋಡಿಕೊಳ್ಳುವುದು. 'ಒಂದು ಮನೆಗೆ ಇಡಿ', 'ಅರ್ಧ ಇಳಿಸಿ' ಅಂತ ನಾಚಿಕೆ ಇಲ್ಲದೆ ಹೇಳ್ತೀವಿ, ಅಲ್ವಾ? ನನಗೆ ಪಾಠ ಹೇಳಿದ ಮೇಷ್ಟ್ರು ಶ್ರುತಿ ಕೂಡಿಸದೆ ಬಾಯಿ ತೆಗೆಯಲೇ ಬಿಡುತ್ತಿರಲಿಲ್ಲ. ಆದರೆ ಅಲ್ಲಿ ಪರದೆಯ ಮೇಲೆ 'ಮೂಲ ಕೀ' ಅಂತ ಕಂಡಾಗ ನನ್ನ ತಲೆಗೆ ಏನಾಯಿತೋ. ಇಳಿಸಿದರೆ ಮೋಸ ಮಾಡಿದ ಹಾಗೆ, ಸೋತ ಹಾಗೆ ಅನ್ನಿಸಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಹಾಡು ಆರಿಸುವ ಟ್ಯಾಬ್ಲೆಟ್ ಕೈಯಲ್ಲಿ ಹಿಡಿದೇ ಕೇಳಿದಳು, ಕೀ ಇಳಿಸಲಾ ಅಂತ. ನಾನು ದೊಡ್ಡ ಮನುಷ್ಯನ ಹಾಗೆ 'ದೈಜೋಬು', ಪರವಾಗಿಲ್ಲ ಅಂದೆ.

ಪಲ್ಲವಿಯ ಮೊದಲ ಸಾಲಿಗೇ ದನಿ ಒಡೆಯಿತು. ಗಾಬರಿಯಲ್ಲಿ ಕೆಳಗಿನ ಸ್ಥಾಯಿಗೆ ಇಳಿದೆ. ಅಲ್ಲಿ ಮಂತ್ರ ಗೊಣಗಿದ ಹಾಗೆ ಕೇಳಿಸಿತು. ಜೊತೆಗೂಡಲು ಬಾಯಿ ತೆರೆದವರಿಗೆ ನಾನು ಎಲ್ಲಿದ್ದೀನಿ ಅಂತಲೇ ತಿಳಿಯಲಿಲ್ಲ. ಆ ಹಾಡು ನಾಲ್ಕು ನಿಮಿಷಕ್ಕಿಂತ ಉದ್ದ ಇದೆ. ಮಧ್ಯೆ ನಿಲ್ಲಿಸುವುದೂ ಮರ್ಯಾದೆ ಅಲ್ಲ. ಮುಗಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಜಪಾನಿನಲ್ಲಿ ಹೊಡೆದೇ ಹೊಡೀತಾರೆ.

ಅವಮಾನ ನನಗೆ ದೊಡ್ಡದಾಗಿ ಕಾಣಲಿಲ್ಲ. ಆಮೇಲೆ ರೈಲಿನಲ್ಲಿ ಅದೇ ಸಹೋದ್ಯೋಗಿ ಹೇಳಿದ ಮಾತು ಮನಸ್ಸಿಗೆ ಚುಚ್ಚಿತು. ರಾಬಿನ್ಸನ್ ಬಾಸಿನ ಖಾಯಂ ಹಾಡು. ಎಲ್ಲ ಪಾರ್ಟಿಯಲ್ಲೂ ಕೊನೆಗೆ ಅವರು ಅದನ್ನೇ ಹಾಡುವುದು. ಒಂದೇ ಹಾಡನ್ನು ಒಂದೇ ರಾತ್ರಿ ಎರಡನೇ ಸಲ ಹಾಕಿದರೆ ಮೊದಲು ಹಾಡಿದವನನ್ನು ತಿದ್ದಿದ ಹಾಗೆ ಆಗುತ್ತೆ, ಅದಕ್ಕೇ ಅವರು ಸುಮ್ಮನಿದ್ದರಂತೆ. ಅಂದರೆ ಆ ಮನುಷ್ಯ ತನ್ನದೇ ಬೀಳ್ಕೊಡುಗೆಯಲ್ಲಿ ತನ್ನ ಹಾಡು ಹಾಡದೆ ಊರು ಬಿಟ್ಟರು. ಕೀ ಇಳಿಸಿದ್ದರೆ ಎಲ್ಲರೂ ಸೇರಿ ಹಾಡಬಹುದಿತ್ತು, ಅವರಿಗೂ ಇನ್ನೊಂದು ಮೈಕು ಕೊಡಬಹುದಿತ್ತು. ಅಲ್ಲಿಂದ ಮುಂದೆ ನಾನು ಏನಾದರೊಂದು ನೆಪ ಹೇಳಿ ಊಟದ ಪಾರ್ಟಿ ಮುಗಿದ ಮೇಲಿನ ಎರಡನೇ ಸುತ್ತಿನ ಪಾರ್ಟಿಗಳನ್ನು ತಪ್ಪಿಸಿಕೊಳ್ಳುತ್ತಾ ಹೋದೆ. ಜಪಾನಿನಲ್ಲಿ ಆಫೀಸಿನವರು ಬಾಯಿ ಬಿಟ್ಟು ಮಾತಾಡುವುದೇ ಅಲ್ಲಿ. ಹಾಗಾಗಿ ನನ್ನ ಜಪಾನಿ ಭಾಷೆಯೂ ಮೀಟಿಂಗಿನ ಭಾಷೆಯಾಗಿಯೇ ಉಳಿಯಿತು.

ಹೀಗಾಗಿ ಟಾಪ್ ಹತ್ತು ನಾನು ಕೊಡುವುದಿಲ್ಲ. ಅಂಥ ಪಟ್ಟಿ ಆ ಬ್ಯಾಂಡಿಗೇ ಹಿಡಿಸಿದ್ದಲ್ಲ. 1999ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಕಂಪನಿ ಅವರು ಒಪ್ಪದಿದ್ದರೂ 'ರೀಸೈಕಲ್' ಅಂತ ಹಿಟ್ ಹಾಡುಗಳ ಸಂಕಲನ ತಂದಿತು. ಭರ್ಜರಿಯಾಗಿ ಮಾರಾಟವಾಯಿತು, ಬ್ಯಾಂಡಿನವರಿಗೆ ಸಿಟ್ಟು ಬಂತು. ಮರುವರ್ಷ ಬಂದ 'ಹಯಾಬುಸಾ' ಆಲ್ಬಮ್ ಕೇಳಿ, ಗಿಟಾರುಗಳು ಎಷ್ಟು ಒರಟಾಗಿವೆ ಅಂತ. 2006ರಲ್ಲಿ ತಾವೇ ಒಪ್ಪಿದ 'ಸೈಕಲ್ ಹಿಟ್' ಬಂದಾಗ ಹಳೆಯದನ್ನು ನಿಲ್ಲಿಸಲಾಯಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 'ರೀಸೈಕಲ್' ತಂದು ಬಾಸಿಗೆ ಉಡುಗೊರೆ ಕೊಟ್ಟೀರಿ, ಹುಷಾರು.

ನೀವು 'ಚೆರಿ' ಹಾಡಿ. 1996ರ ಏಪ್ರಿಲ್‌ನದು, ಇದು ಮೊದಲ ಸ್ಥಾನಕ್ಕೂ ಬಂತು. ಅಗಲಿಕೆ ಇದೆ, ಆದರೆ ಮುಂದೆ ಹೊರಡುವ ಉತ್ಸಾಹವೂ ಇದೆ, ವರ್ಗವಾದವರಿಗೆ ಹೇಳಿ ಮಾಡಿಸಿದ್ದು. ಹೆಜ್ಜೆ ಹಾಕುವ ತಾಳ. ಕೀ ಮೂರೋ ನಾಲ್ಕೋ ಇಳಿಸಿ, ಗಂಡಸರ ಗಂಟಲಿಗೆ ಕೂರುತ್ತದೆ. 'ಸೋರಾ ಮೊ ತೊಬೆರು ಹಜು' ಕೂಡ ಆಗಬಹುದು. 1994ರಲ್ಲಿ ಬಂದಾಗ ಹೆಚ್ಚು ಜನ ಕೇಳಿರಲಿಲ್ಲ, 1996ರಲ್ಲಿ ಒಂದು ಟಿವಿ ಧಾರಾವಾಹಿಗೆ ಹಾಕಿದ ಮೇಲೆ ಒಂದನೇ ಸ್ಥಾನಕ್ಕೆ ಹಾರಿತು. ಈಗ ಶಾಲೆ ಬಿಡುವ ಮಕ್ಕಳು ಹಾಡುವ ಹಾಡಾಗಿದೆ, ಕೋಣೆಯಲ್ಲಿರುವ ಎಲ್ಲರಿಗೂ ಬಾಯಿಪಾಠ. 'ಕಾಯೆದೆ' ಮಾತ್ರ ಬೇಡವೇ ಬೇಡ. ಅದ್ಭುತ ಹಾಡು, ನನಗೆ ಅವರದ್ದರಲ್ಲೇ ಅತಿ ಇಷ್ಟ. ಆದರೆ ಅದು ಮತ್ತೆ ಸಿಗದವರಿಗೆ ಹೇಳುವ ವಿದಾಯ. ಬಾಸು ವರ್ಗವಾಗಿ ಹೋಗ್ತಿದ್ದಾರೆ, ಸ್ವರ್ಗಕ್ಕಲ್ಲ.

ಗುನುಗಿ ಅಭ್ಯಾಸ ಮಾಡಬೇಡಿ. ವಾರದ ದಿನ ಹಗಲು ಹೊತ್ತು ಕರೋಕೆ ಕೋಣೆ ಅಗ್ಗ, ಒಬ್ಬರೇ ಹೋದರೂ ಯಾರೂ ತಿರುಗಿ ನೋಡುವುದಿಲ್ಲ. ಮೈಕು ಹಿಡಿದು ಪೂರ್ತಿ ದನಿಯಲ್ಲಿ ಹಾಡಿ, ಕೀ ಸಂಖ್ಯೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಾಂಜಿ ಅನ್ನೋ ಚಿತ್ರಲಿಪಿಗೆ ಹೆದರಬೇಡಿ, ಪರದೆಯಲ್ಲಿ ಅದರ ಮೇಲೆ ಉಚ್ಚಾರಣೆ ತಿಳಿಸುವ ಹಿರಾಗಾನಾ ಅಕ್ಷರ ಬರುತ್ತದೆ.

ಅದಕ್ಕೂ ಮುಂಚೆ ಇವತ್ತೇ ಒಂದು ಕೆಲಸ ಮಾಡಿ. ಆಫೀಸಿನಲ್ಲಿ ಹಳಬರು ಯಾರಾದರೂ ಇದ್ದರೆ ಬಾಸ್ ಸಾಮಾನ್ಯವಾಗಿ ಯಾವುದು ಹಾಡ್ತಾರೆ ಅಂತ ಕೇಳಿ. ಅದು 'ಚೆರಿ'ಯೇ ಆಗಿದ್ದರೆ, ಸ್ಪಿಟ್ಸ್ ಬಿಟ್ಟು ಬೇರೆ ಯಾರದ್ದಾದರೂ ಕಲೀರಿ.